ಒಂದು ಮಳೆ, ಒಂದು ಕವಿತೆ, ಒಂದು ಜಾಗ

ಓದುಗರ ಪತ್ರಗಳಲ್ಲಿ ಕಷ್ಟಗಳು ಬೇರೆ ಬೇರೆ, ಕೊನೆಯ ಸಾಲು ಮಾತ್ರ ಒಂದೇ. ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ, ಬೆಂಗಳೂರಿನಲ್ಲಿರುವ ಮಗಳ ಕೆಲಸ ಉಳಿಯುತ್ತದೋ ಹೋಗುತ್ತದೋ ಗೊತ್ತಿಲ್ಲ, ಜಮೀನಿನ ಕಡತ ಯಾವ ಮೇಜಿನ ಮೇಲಿದೆಯೋ ದೇವರೇ ಬಲ್ಲ, ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ. ಇಷ್ಟು ಬರೆದ ಮೇಲೆ ಕೇಳುತ್ತಾರೆ: ‘ಕವಿತೆ ಓದಿ, ಕಾಡಿನ ಕಡೆ ಹೋಗಿ ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಯಾವ ಕವಿತೆ, ಎಷ್ಟು ಹೊತ್ತು, ಎಲ್ಲಿ ಕೂತು ಎಂದು ಯಾರೂ ಹೇಳುವುದಿಲ್ಲ. ನೀವಾದರೂ ಹೇಳಿ.’

ಹೇಳುತ್ತೇನೆ. ಒಂದು ಮಳೆ ನಕ್ಷತ್ರ ಮುಗಿಯುವವರೆಗೆ ಒಂದೇ ಕವಿತೆ, ಒಂದೇ ಜಾಗ, ದಿನಕ್ಕೆ ಇಪ್ಪತ್ತು ನಿಮಿಷ. ಪದ್ಧತಿ ಇಷ್ಟೇ. ಮಳೆ ನಕ್ಷತ್ರ ಎಂದರೇನು ಎಂದು ಮಲೆನಾಡಿನ ಹಿರಿಯರಿಗೆ ವಿವರಿಸಬೇಕಾಗಿಲ್ಲ, ಕಿರಿಯರಿಗೆ ಬೇಕಾಗಬಹುದು. ವರ್ಷದ ದಾರಿಯಲ್ಲಿ ಸೂರ್ಯ 27 ನಕ್ಷತ್ರಗಳನ್ನು ಹಾದುಹೋಗುತ್ತಾನೆ ಎಂಬುದು ಪಂಚಾಂಗದ ಲೆಕ್ಕ. ಒಂದೊಂದರಲ್ಲಿ 13 ಅಥವಾ 14 ದಿನ ಇರುತ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಜೂನ್ ಮೊದಲ ವಾರದ ಕೊನೆಗೆ ಮೃಗಶಿರಾ ಹುಟ್ಟುತ್ತದೆ, ಜೂನ್ 22ರ ಸುಮಾರಿಗೆ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ. ಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ, ನೋಡಿಕೊಳ್ಳಿ.

ವಾರ, ತಿಂಗಳು ಬಿಟ್ಟು ಇದನ್ನೇ ಏಕೆ ಹಿಡಿದೆ ಎಂದರೆ, ಮಳೆ ನಕ್ಷತ್ರದ ತಾರೀಖು ಖಚಿತ, ಅದರ ಮಳೆ ಮಾತ್ರ ಅದರ ಇಷ್ಟ. ಆರಿದ್ರಾ ಎಂದು ಹುಟ್ಟುತ್ತದೆ ಎಂದು ಜನವರಿಯಲ್ಲೇ ಹೇಳಬಹುದು. ಸುರಿಯುತ್ತದೋ ಕೈಕೊಡುತ್ತದೋ ಎಂಬುದನ್ನು ಆರಿದ್ರಾ ಮುಗಿದ ಮೇಲೆಯೇ ಹೇಳಬೇಕು. ಗದ್ದೆ ಮಾಡುವವರು ಈ ಅರೆಬರೆ ಭರವಸೆಯ ಮೇಲೆಯೇ ಸಸಿಮಡಿ ಹಾಕುತ್ತಾ ಬಂದಿದ್ದಾರೆ. ನಮಗೂ ಅಷ್ಟು ಸಾಕು.

ಬೇಕಾಗುವ ಸಾಮಾನು

ಒಂದು ತೆಳ್ಳಗಿನ ನೋಟ್ ಪುಸ್ತಕ, ಒಂದು ಪೆನ್ಸಿಲ್. ಪೆನ್ನು ಬೇಡ, ನಮ್ಮ ಕಡೆಯ ಜುಲೈ ತಿಂಗಳಲ್ಲಿ ಶಾಯಿ ಕಾಗದದ ಮೇಲೆ ನಿಲ್ಲುವುದಿಲ್ಲ. ಕೊಡೆ. ಮಳೆಗಾಲವಾದರೆ ಒಂದು ಚಿಟಿಕೆ ಉಪ್ಪಿನ ಪೊಟ್ಟಣ, ಕಾರಣ ಮುಂದೆ ಹೇಳುತ್ತೇನೆ. ಮೊಬೈಲ್ ಮನೆಯಲ್ಲಿರಲಿ. ನಾನು ಮೊದಲ ಸಲ ಅದನ್ನು ಜೇಬಿನಲ್ಲಿಟ್ಟುಕೊಂಡೇ ಹೊಳೆಯ ದಂಡೆಗೆ ಹೋಗಿದ್ದೆ. ಕವಿತೆಯ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ರಾಶಿ ಅಡಿಕೆಯ ಧಾರಣೆ ಬಂತು. ಕವಿತೆ ಅಲ್ಲಿಗೇ ನಿಂತಿತು.

1. ಚಿಂತೆಯನ್ನು ಮೊದಲು ಎರಡು ಪಾಲು ಮಾಡಿ

ಪುಸ್ತಕದ ಮೊದಲ ಪುಟದಲ್ಲಿ ಒಂದು ಗೆರೆ ಎಳೆಯಿರಿ. ಎಡಕ್ಕೆ ನೀವು ಈ ಹದಿನಾಲ್ಕು ದಿನಗಳಲ್ಲಿ ಮಾಡಬಹುದಾದ ಕೆಲಸ, ಬಲಕ್ಕೆ ನಿಮ್ಮ ಕೈಯಲ್ಲಿ ಇಲ್ಲದ್ದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ, ಹೊಡೆಸುವುದು ಎಡಕ್ಕೆ, ಅಡಿಕೆಯ ಮುಂದಿನ ವರ್ಷದ ದರ ಬಲಕ್ಕೆ. ಎಡಗಡೆಯದನ್ನು ಮಾಡದೆ ಕವಿತೆ ಹಿಡಿದು ಕೂತರೆ ಅಡಿಕೆಯ ಕೊನೆ (ಗೊನೆ) ಕೊಳೆಯುತ್ತದೆ, ಕವಿತೆಯೂ ರುಚಿಸುವುದಿಲ್ಲ. ಮೈಲುತುತ್ತ ಮತ್ತು ಸುಣ್ಣ ಮಾಡುವ ಕೆಲಸವನ್ನು ಛಂದಸ್ಸು ಮಾಡುವುದಿಲ್ಲ. ಈ ಅಭ್ಯಾಸ ಬಲಗಡೆಯ ಪಟ್ಟಿಗೆ ಮಾತ್ರ.

ಇಲ್ಲಿಯೇ ಒಂದು ಎಚ್ಚರಿಕೆ. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಊಟ, ಕೆಲಸ ಮೂರೂ ಕೆಟ್ಟಿದ್ದರೆ, ಬದುಕೇ ಬೇಡ ಎನ್ನಿಸುತ್ತಿದ್ದರೆ, ಈ ಲೇಖನವನ್ನು ಪಕ್ಕಕ್ಕಿಟ್ಟು ವೈದ್ಯರನ್ನು ಕಾಣಿ. ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416, ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಕಾಲು ಮುರಿದವನಿಗೆ ಯಾರೂ ಕವಿತೆ ಓದು ಎನ್ನುವುದಿಲ್ಲ, ಮನಸ್ಸಿಗೂ ಅದೇ ನ್ಯಾಯ.

2. ಕವಿತೆ ಆರಿಸಿ

ಎಂಟರಿಂದ ಹದಿನಾರು ಸಾಲು, ಅದಕ್ಕಿಂತ ದೊಡ್ಡದು ಬೇಡ. ಅದರಲ್ಲಿ ಕಣ್ಣಿಗೆ ಕಾಣುವ ಏನಾದರೂ ಇರಲಿ: ಒಂದು ಮರ, ಹೊಳೆ, ಹಕ್ಕಿ, ಬೆಟ್ಟ. ಬರೀ ಉಪದೇಶ ಮಾಡುವ ಪದ್ಯ ಮೂರನೆಯ ದಿನಕ್ಕೆ ಕಹಿಯಾಗುತ್ತದೆ. ಒಂದೆರಡು ಪದ ಅರ್ಥವಾಗದಿದ್ದರೆ ಚಿಂತೆಯಿಲ್ಲ, ಹದಿನಾಲ್ಕು ದಿನ ಇದೆಯಲ್ಲ.

ಏನೂ ತೋಚದವರಿಗೆ ನನ್ನ ಸಲಹೆ ವಚನದಿಂದ ಆರಂಭಿಸಿ ಎಂದು. ದೂರ ಹೋಗಬೇಕಾಗಿಲ್ಲ. ಅಲ್ಲಮನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ನಮ್ಮ ಶಿಕಾರಿಪುರ ತಾಲ್ಲೂಕಿನವೇ. ಅಲ್ಲಮ ಬೆಡಗಿನವನು, ಅಂದರೆ ಒಗಟಿನ ಮಾತಿನವನು. ಮನಸ್ಸು ಕದಡಿದಾಗ ಒಗಟು ಬಿಡಿಸುವ ತಾಳ್ಮೆ ಇರುವುದಿಲ್ಲ, ಆತನನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ. ಅಕ್ಕನ ‘ಬೆಟ್ಟದ ಮೇಲೊಂದು ಮನೆಯ ಮಾಡಿ’ ಎಂದು ಶುರುವಾಗುವ ವಚನ ಮೊದಲ ಮಳೆಗೆ ತಕ್ಕದ್ದು. ಶಾಲೆಯಲ್ಲಿ ಕಲಿತಿರುತ್ತೀರಿ, ಕಲಿತ ಕಾರಣಕ್ಕೇ ಅದನ್ನು ಕೇಳಿಸಿಕೊಂಡಿರುವುದಿಲ್ಲ. ಬೆಟ್ಟದ ಮೇಲೆ ಮನೆ ಮಾಡಿ ಮೃಗಕ್ಕೆ, ಸಮುದ್ರದ ತಡಿಯಲ್ಲಿ ಮನೆ ಮಾಡಿ ನೊರೆತೆರೆಗೆ ಅಂಜಿದರೆ ಹೇಗೆ, ಸಂತೆಯಲ್ಲಿ ಮನೆ ಮಾಡಿ ಶಬ್ದಕ್ಕೆ ನಾಚಿದರೆ ಹೇಗೆ ಎಂದು ಮೂರು ಪ್ರಶ್ನೆ. ಮೂರೂ ‘ಎಂತಯ್ಯಾ’ ಎಂದು ಮುಗಿಯುತ್ತವೆ, ಮೂರು ಸಲವೂ ದನಿ ಮೇಲೇರಿ ನಿಲ್ಲುತ್ತದೆ. ಆಮೇಲೆ ಅಂಕಿತ, ಅಂದರೆ ವಚನಕಾರರು ಹಾಕುವ ದೇವರ ಹೆಸರಿನ ಗುರುತು. ಕಡೆಯಲ್ಲಿ ‘ಸಮಾಧಾನಿಯಾಗಿರಬೇಕು’ ಎಂಬ ಉದ್ದ ಪದದ ಮೇಲೆ ದನಿ ಇಳಿಯುತ್ತದೆ. ಏರಿದ ಮೂರು ಉಸಿರು ಅಲ್ಲಿ ಇಳಿಯುವುದನ್ನು ಎದೆಯಲ್ಲೇ ಗಮನಿಸಿ. ಮಂಗ, ಕಾಡುಹಂದಿಗಳ ಕಾಟದಲ್ಲಿ ಬೇಸಾಯ ಮಾಡುವ ನಮ್ಮವರಿಗೆ ಮೊದಲ ಪ್ರಶ್ನೆಯ ಬಗ್ಗೆ ತಕರಾರು ಇರಬಹುದು. ಇರಲಿ. ಕವಿತೆಯ ಜೊತೆ ಜಗಳವಾಡಿದರೆ ಅದು ಬೇಗ ನೆನಪಿನಲ್ಲಿ ಉಳಿಯುತ್ತದೆ.

ಎರಡನೆಯ ಮಳೆಗೆ ಕುವೆಂಪು ಅವರ ‘ದೇವರು ರುಜು ಮಾಡಿದನು’ ಆಗಬಹುದು. ಪೂರ್ತಿ ಕವಿತೆ ಹದಿನಾರು ಸಾಲಿಗಿಂತ ಉದ್ದ, ನಿಮಗೆ ಹಿಡಿಸಿದ ಒಂದು ಭಾಗ ಸಾಕು. ಕಾಡು ಬೆಟ್ಟಗಳ ನಡುವೆ ತುಂಗೆ, ಮೇಲೆ ಹಕ್ಕಿಗಳ ಸಾಲು, ಆ ಸಾಲೇ ದೇವರ ಸಹಿ. ಬೆಳ್ಳಕ್ಕಿಗಳು ಸಂಜೆ ಗೂಡಿಗೆ ಮರಳುವ ಜಾಗ ಹತ್ತಿರದಲ್ಲಿದ್ದರೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ.

ಸಾಮಾನ್ಯವಾಗಿ ಎಡವುವುದು ಎಲ್ಲಿ ಎಂದರೆ, ದುಃಖದಲ್ಲಿದ್ದವರು ದುಃಖದ ಕವಿತೆಯನ್ನೇ ಹುಡುಕುತ್ತಾರೆ. ಒಂದು ದಿನಕ್ಕೆ ಅದು ಹಿತ. ಹದಿನಾಲ್ಕು ದಿನ ಅದನ್ನೇ ಹೇಳಿಕೊಂಡರೆ ಗಾಯವನ್ನು ಕೆರೆದುಕೊಂಡಂತೆ.

3. ಕೈಯಲ್ಲಿ ಬರೆದು ಬಾಯಿಪಾಠ ಮಾಡಿ

ಮೊದಲ ದಿನ ಪುಸ್ತಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ಆಮೇಲೆ ದಿನಕ್ಕೆ ಎರಡು ಸಾಲಿನಂತೆ ಕೊನೆಯಿಂದ ಹಿಂದಕ್ಕೆ ಕಲಿಯಿರಿ. ಕೊನೆಯ ಎರಡು ಸಾಲು ಇಂದು, ಅದರ ಹಿಂದಿನ ಎರಡು ನಾಳೆ. ಹೀಗೆ ಕಲಿತರೆ ಹೇಳುವಾಗ ಪ್ರತಿ ಹೆಜ್ಜೆಯೂ ಗೊತ್ತಿರುವ ಕಡೆಗೇ ಹೋಗುತ್ತದೆ. ಮೊದಲಿನಿಂದ ಕಲಿತವರು ನಡುವೆ ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯ. ಐವತ್ತು ದಾಟಿದವರು ‘ನಮಗೆ ನೆನಪು ನಿಲ್ಲುವುದಿಲ್ಲ’ ಎನ್ನುತ್ತಾರೆ. ಹತ್ತು ಹಳೆಯ ಸಿನಿಮಾ ಹಾಡು ಹೇಳಲು ಬರುವವರಿಗೆ ಹನ್ನೆರಡು ಸಾಲು ಬಾರದಿರಲು ಕಾರಣವಿಲ್ಲ.

ಬಾಯಿಪಾಠವೇ ಏಕೆ? ರಾತ್ರಿ ಮೂರು ಗಂಟೆಗೆ ಎದ್ದು ದೀಪ ಹಾಕಿ ಕನ್ನಡಕ ಹುಡುಕುವಷ್ಟರಲ್ಲಿ ಉಳಿದ ನಿದ್ದೆಯೂ ಹಾರಿರುತ್ತದೆ.

4. ಗಟ್ಟಿಯಾಗಿ ಹೇಳಲು ಕಲಿಯಿರಿ

ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು, ನಾಚಿಕೆ ಕಾರಣ. ಉಸಿರನ್ನು ನಿಧಾನವಾಗಿ, ಉದ್ದವಾಗಿ ಹೊರಕ್ಕೆ ಬಿಟ್ಟಾಗ ಎದೆಬಡಿತ ಇಳಿಯುತ್ತದೆ, ಇದು ದೇಹದ ಸಹಜ ಗುಣ. ಪದ್ಯವನ್ನು ಗಟ್ಟಿಯಾಗಿ ಹೇಳುವುದೆಂದರೆ ಬೇಗ ಉಸಿರೆಳೆದು ನಿಧಾನವಾಗಿ ಬಿಡುವುದೇ. ಮನಸ್ಸಿನಲ್ಲಿ ಓದಿಕೊಂಡರೆ ಅರ್ಥ ಸಿಗುತ್ತದೆ, ಉಸಿರು ಸಿಗುವುದಿಲ್ಲ.

ಹಳೆಯ ಛಂದಸ್ಸು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕುಮಾರವ್ಯಾಸನ ಭಾಮಿನೀ ಷಟ್ಪದಿಯನ್ನು ತೆಗೆದುಕೊಳ್ಳಿ. ಷಟ್ಪದಿ ಎಂದರೆ ಆರು ಸಾಲಿನ ಪದ್ಯ. ಮಾತ್ರೆ ಎಂದರೆ ಒಂದು ಹ್ರಸ್ವ ಅಕ್ಷರ ಹೇಳಲು ಹಿಡಿಯುವ ಕಾಲ. ಅಂಥ ಅಕ್ಷರ ಲಘು, ಒಂದು ಮಾತ್ರೆ. ದೀರ್ಘಾಕ್ಷರ, ಅನುಸ್ವಾರ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವೆಲ್ಲ ಗುರು, ಎರಡು ಮಾತ್ರೆ. ಭಾಮಿನಿಯ ಸಣ್ಣ ಸಾಲಿನ ನಡಿಗೆ ಮೂರು, ನಾಲ್ಕು, ಮೂರು, ನಾಲ್ಕು. ಒಟ್ಟು 14 ಮಾತ್ರೆ. ಉದಾಹರಣೆಗೆ ನಾನೇ ಒಂದು ಸಾಲು ಕಟ್ಟಿ ಕೊಡುತ್ತೇನೆ, ಕಾವ್ಯವೆಂದು ತಿಳಿಯಬೇಡಿ:

ತುಂಗೆ | ಮಳೆಯಲಿ | ತುಂಬಿ | ಹರಿದಳು

‘ತುಂ’ ಎರಡು, ‘ಗೆ’ ಒಂದು, ಸೇರಿ ಮೂರು. ‘ಮಳೆಯಲಿ’ ನಾಲ್ಕು ಲಘು. ತೊಡೆಯ ಮೇಲೆ ‘ತಕಿಟ ತಕಧಿಮಿ’ ಎಂದು ತಟ್ಟುತ್ತಾ ಹೇಳಿ ನೋಡಿ, ಕೂಡಲೇ ಹಿಡಿತಕ್ಕೆ ಬರುತ್ತದೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಹೀಗೆ ಸಣ್ಣವು. ಮೂರು ಮತ್ತು ಆರನೆಯ ಸಾಲು 23 ಮಾತ್ರೆಯ ಉದ್ದದವು, ಕೊನೆಗೊಂದು ಗುರು. ಎರಡು ಸಣ್ಣ ಉಸಿರು, ಒಂದು ಉದ್ದ ಉಸಿರು, ಮತ್ತೆ ಎರಡು ಸಣ್ಣ, ಒಂದು ಉದ್ದ. ಉಸಿರಾಟದ ತರಗತಿಗೆ ಹಣ ಕಟ್ಟುವ ಮೊದಲು ಇದನ್ನು ಒಂದು ವಾರ ಮಾಡಿ ನೋಡಿ ಎಂದು ನಾನು ಹೇಳುತ್ತಿರುತ್ತೇನೆ.

ಕೇಳಿ ಕಲಿಯುವ ಇಷ್ಟವಿದ್ದರೆ ಗಮಕ ಕೇಳಿ. ಗಮಕ ಎಂದರೆ ಕಾವ್ಯವನ್ನು ಅರ್ಥ ಕೆಡದಂತೆ ಪದ ಬಿಡಿಸಿ, ರಾಗದಲ್ಲಿ ವಾಚಿಸುವ ಕಲೆ. ಒಬ್ಬರು ವಾಚಿಸಿದರೆ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಶಿವಮೊಗ್ಗದ ಹತ್ತಿರ ತುಂಗೆಯ ಎರಡು ದಡಗಳಲ್ಲಿರುವ ಮತ್ತೂರು, ಹೊಸಹಳ್ಳಿಗಳು ಇದಕ್ಕೆ ಹೆಸರಾದವು. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಸಂಗೀತ ಬಾರದು ಎಂಬ ಹಿಂಜರಿಕೆ ಬೇಡ. ರಾಗ ಬಾರದಿದ್ದರೆ ನಡಿಗೆ ಸಾಕು.

5. ಜಾಗ ಗೊತ್ತು ಮಾಡಿಕೊಳ್ಳಿ

ಮನೆಯಿಂದ ಹತ್ತು ನಿಮಿಷಕ್ಕಿಂತ ದೂರ ಇರಬಾರದು. ಇದೊಂದು ನಿಯಮವನ್ನು ಸಡಿಲಿಸಬೇಡಿ. ನೆಮ್ಮದಿ ಎಂದ ಕೂಡಲೇ ಜನ ಜೋಗಕ್ಕೆ, ಆಗುಂಬೆಯ ಸೂರ್ಯಾಸ್ತಕ್ಕೆ, ಕೊಡಚಾದ್ರಿಗೆ ಗಾಡಿ ತಿರುಗಿಸುತ್ತಾರೆ. ಹೋಗಿ ಬನ್ನಿ, ಸಂತೋಷ. ಆದರೆ 253 ಮೀಟರ್ ಎತ್ತರದಿಂದ ಬೀಳುವ ನೀರು ಬೆರಗು ಕೊಡುತ್ತದೆ. ಬೆರಗು ಬೇರೆ, ಸಮಾಧಾನ ಬೇರೆ. ಪಾರ್ಕಿಂಗ್ ಹುಡುಕಿದ ಸಿಟ್ಟು ಇಳಿಯುವ ಮೊದಲೇ ವಾಪಸು ಹೊರಡುವ ಹೊತ್ತಾಗಿರುತ್ತದೆ. ಕುಪ್ಪಳಿಯ ಕವಿಶೈಲಕ್ಕೂ ಇದೇ ಮಾತು. ಹೋಗುವುದಾದರೆ ವಾರದ ನಡುವೆ, ಬೆಳಗಿನ ಹೊತ್ತು ಹೋಗಿ, ಗುಂಪು ಬರುವ ಮೊದಲು ಬಂಡೆಯ ಮೇಲೆ ಸುಮ್ಮನೆ ಕೂತು ಬನ್ನಿ. ಅದು ವರ್ಷಕ್ಕೊಮ್ಮೆಯ ಯಾತ್ರೆ. ನಾನು ಹೇಳುತ್ತಿರುವುದು ದಿನದ ಮಾತು.

ದಿನದ ಜಾಗಕ್ಕೆ ಚಂದ ಮುಖ್ಯವಲ್ಲ, ಬದಲಾವಣೆ ತೋರಿಸುವ ಒಂದು ಗುರುತು ಇರಬೇಕು. ಶಿವಮೊಗ್ಗ ಪೇಟೆಯವರಿಗೆ ಕೋರ್ಪಲಯ್ಯ ಛತ್ರದ ಬಳಿ ಹೊಳೆಯಲ್ಲಿರುವ ಕಲ್ಲಿನ ಮಂಟಪ ಇದೆ. ಮಳೆ ಜೋರಾದಾಗ ಅದು ಮುಳುಗಿತೇ ಎಂದು ನೋಡಲು ಊರೇ ಸೇರುತ್ತದೆ. ಮುಳುಗುವ ದಿನ ಎಲ್ಲರೂ ನೋಡುತ್ತಾರೆ, ಮುಳುಗುವ ಮುಂಚಿನ ಹತ್ತು ದಿನ ನೀವು ನೋಡಿ. ಕಂಬದ ಮೇಲೆ ನಿನ್ನೆಯ ಒದ್ದೆ ಗೆರೆ ಎಲ್ಲಿತ್ತು, ಇಂದು ಎಲ್ಲಿದೆ, ಕಂಬಕ್ಕೆ ಸಿಕ್ಕಿಕೊಂಡ ಹುಲ್ಲಿನ ಸಿಂಬೆ ನಿನ್ನೆಯದೋ ಇಂದಿನದೋ. ತೋಟದವರಿಗೆ ತೋಡಿನ ಮೇಲಿನ ಸಂಕ, ಅಂದರೆ ಕಾಲುಸೇತುವೆ, ಆಗಬಹುದು. ಮನೆ ಬಿಟ್ಟು ಹೊರಡಲಾಗದವರಿಗೆ ಜಗುಲಿಯಿಂದ ಕಾಣುವ ಒಂದು ಹಲಸಿನ ಮರ ಸಾಕು.

ದೇಹದ ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಕೆಲವು ಕಡೆ ಉಂಬಳ ಎನ್ನುತ್ತಾರೆ, ಕಚ್ಚಿದರೆ ಗಾಬರಿಯಿಂದ ಕಿತ್ತೆಳೆಯಬೇಡಿ. ಒಂದು ಚಿಟಿಕೆ ಉಪ್ಪು ಹಾಕಿ, ಬಿದ್ದುಹೋಗುತ್ತದೆ. ಪೊಟ್ಟಣ ಇದಕ್ಕೆ. ರಕ್ತ ಸ್ವಲ್ಪ ಹೊತ್ತು ನಿಲ್ಲದಿದ್ದರೂ ಹೆದರುವಂಥದ್ದಲ್ಲ.

ಹೊಳೆಯ ದಂಡೆಯಾದರೆ ಪಾಚಿ ಕಟ್ಟಿದ ಮೆಟ್ಟಿಲಿಗೆ ಇಳಿಯಬೇಡಿ. ನಿಮ್ಮ ಊರಿನಲ್ಲಿ ಮಳೆ ಇಲ್ಲದಿದ್ದರೂ ಘಟ್ಟದ ಮೇಲೆ ಸುರಿದರೆ ನೀರು ಏರುತ್ತದೆ.

ಮಂಗನ ಕಾಯಿಲೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ರೋಗ ಇದು, ಉಣುಗಿನಿಂದ ಹರಡುತ್ತದೆ. ಡಿಸೆಂಬರಿನಿಂದ ಮೇ ತನಕ ಇದರ ಕಾಲ. ಆ ತಿಂಗಳುಗಳಲ್ಲಿ ಕಾಡಿನ ಅಂಚಿನ ದರಗೆಲೆಯ ಮೇಲೆ ಕೂರಬೇಡಿ, ಮೈ ಮುಚ್ಚುವ ಬಟ್ಟೆ ಹಾಕಿಕೊಳ್ಳಿ, ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ, ಮನೆಗೆ ಬಂದು ಬಿಸಿನೀರಿನ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ. ರೋಗ ಕಾಣಿಸಿಕೊಂಡಿರುವ ಊರಿನವರು ಆ ವರ್ಷ ಜಗುಲಿಯನ್ನೇ ಆರಿಸಿಕೊಳ್ಳಿ.

6. ಇಪ್ಪತ್ತು ನಿಮಿಷ ಏನು ಮಾಡುವುದು

ಮೊದಲ ಐದು ನಿಮಿಷ ಕೇಳುವುದು ಮಾತ್ರ. ಹತ್ತಿರದ ಸದ್ದು, ದೂರದ ಸದ್ದು, ಅದರ ಆಚೆಯದು. ಹೆಂಚಿನ ಮೇಲೆ ಬೀಳುವ ಮಳೆ, ಅಡಿಕೆಯ ಸೋಗೆಯ ಮೇಲೆ ಬೀಳುವ ಮಳೆ, ಕೆಸುವಿನ ಎಲೆಯ ಮೇಲೆ ಬೀಳುವ ಮಳೆ, ಮೂರಕ್ಕೂ ಬೇರೆ ಬೇರೆ ದನಿ. ಬೆಳಿಗ್ಗೆಯಾದರೆ ಕುಟುರ ಹಕ್ಕಿ ಒಂದೇ ಸಮನೆ ಕುಟ್ಟುತ್ತಿರುತ್ತದೆ, ಪಿಕಳಾರ ನಡುವೆ ಬಾಯಿ ಹಾಕುತ್ತದೆ. ಹಕ್ಕಿಯ ಹೆಸರು ತಿಳಿಯದಿದ್ದರೆ ಬೇಸರಿಸಬೇಡಿ. ಕಾಜಾಣ ಬೇರೆ ಹಕ್ಕಿಗಳ ದನಿಯನ್ನು ಅಣಕಿಸಿ ಬಲ್ಲವರನ್ನೂ ಮೋಸ ಮಾಡುತ್ತದೆ.

ನಂತರ ಕವಿತೆಯನ್ನು ಮೂರು ಸಲ ಹೇಳಿ. ಮೊದಲನೆಯದು ಪುಸ್ತಕ ನೋಡಿ. ಎರಡನೆಯದು ನೋಡದೆ, ತಪ್ಪಿದರೆ ನಿಂತು ನೋಡಿಕೊಂಡು. ಮೂರನೆಯದು ಎದುರಿಗಿರುವ ಯಾವುದಾದರೂ ಒಂದನ್ನು, ಆ ಮಂಟಪವನ್ನು ಅಥವಾ ಹಲಸನ್ನು, ನೋಡುತ್ತಾ.

ಉಳಿದ ಹೊತ್ತು ಸುಮ್ಮನಿರಿ. ಚಿಂತೆ ಬರುತ್ತದೆ, ಖಂಡಿತ ಬರುತ್ತದೆ. ಓಡಿಸಲು ಹೋಗಬೇಡಿ. ಕವಿತೆಯ ಯಾವ ಸಾಲು ನಾಲಿಗೆಯ ಮೇಲೆ ಉಳಿದಿದೆಯೋ ಅದನ್ನು ಮತ್ತೆ ಹೇಳಿ. ಅರ್ಥ ಹುಡುಕುವ ಅವಸರ ಬೇಡ, ಪರೀಕ್ಷೆ ಬರೆಯಬೇಕಾಗಿಲ್ಲ.

ಐದು, ಆರನೆಯ ದಿನಕ್ಕೆ ಬೇಸರ ಹಿಡಿಯುತ್ತದೆ. ‘ಅದೇ ಸಾಲು, ಅದೇ ಹೊಳೆ, ಏನು ಬಂತು?’ ಇಲ್ಲಿ ಕವಿತೆ ಬದಲಿಸುವವರು ಮತ್ತೆ ಆರನೆಯ ದಿನಕ್ಕೇ ಬಂದು ನಿಲ್ಲುತ್ತಾರೆ. ಬದಲಿಸಬೇಡಿ. ಎಂಟು ಹತ್ತನೆಯ ದಿನದ ಹೊತ್ತಿಗೆ, ಗಮನಿಸದೆ ದಾಟಿಹೋಗಿದ್ದ ಯಾವುದೋ ಚಿಕ್ಕ ಪದ ಎದ್ದು ಕೂರುತ್ತದೆ. ನನಗೆ ಅಕ್ಕನ ವಚನದಲ್ಲಿ ಹಾಗೆ ಎದ್ದದ್ದು ಬೆಟ್ಟವೂ ಅಲ್ಲ, ಸಮುದ್ರವೂ ಅಲ್ಲ, ಮೂರು ಕಡೆಯೂ ಬರುವ ‘ಮನೆಯ ಮಾಡಿ’. ಅಂಜುವವಳು ದಾರಿಹೋಕಳಲ್ಲ, ಅಲ್ಲೇ ಮನೆ ಮಾಡಿಕೊಂಡವಳು. ಅದಾದ ಮೇಲೆ ಅದು ಬೇರೆ ವಚನವಾಯಿತು.

7. ಒಂದು ಸಾಲು ಬರೆಯಿರಿ

ಹೊರಡುವ ಮೊದಲು ತಾರೀಖು ಹಾಕಿ, ಕಂಡದ್ದನ್ನು ಒಂದೇ ಸಾಲಿನಲ್ಲಿ ಬರೆಯಿರಿ. ‘ಮನಸ್ಸಿಗೆ ಶಾಂತಿ ಸಿಕ್ಕಿತು’ ಎಂದು ಬರೆಯುವಂತಿಲ್ಲ. ‘ಮಂಟಪದ ಮೇಲೆ ಒಂದು ನೀರುಕಾಗೆ, ರೆಕ್ಕೆ ಒಣಗಿಸುತ್ತಿತ್ತು’ ಎಂದು ಬರೆಯಿರಿ. ಶಾಂತಿಯನ್ನು ದಿನವೂ ಅಳೆಯಲು ಕೂತರೆ, ಬಿತ್ತಿದ ಬೀಜವನ್ನು ದಿನಾ ಅಗೆದು ನೋಡಿದ ಹಾಗೆ. ಅದನ್ನು ಹಂಚಿಕೊಳ್ಳಲು ವಾಟ್ಸಾಪ್ ಗುಂಪಿಗೂ ಹಾಕಬೇಡಿ. ಹಾಕಿದರೆ ಮರುದಿನ ಹೊಳೆಯನ್ನು ನೋಡುವ ಬದಲು ಗುಂಪಿಗೆ ಹಾಕಲು ಏನು ಸಿಗುತ್ತದೆ ಎಂದು ಹುಡುಕುತ್ತೀರಿ.

ದಿನ ತಪ್ಪಿದರೆ ತಪ್ಪಲಿ. ಮದುವೆ, ತಿಥಿ, ಕೊನೆಕೊಯ್ಲು ಯಾರನ್ನೂ ಬಿಟ್ಟಿಲ್ಲ. ತಪ್ಪಿದ ದಿನದ ಜಾಗವನ್ನು ಖಾಲಿ ಬಿಡಿ, ಎರಡು ದಿನದ್ದನ್ನು ಒಟ್ಟಿಗೆ ತೀರಿಸಲು ಹೋಗಬೇಡಿ.

8. ಮಳೆ ಬದಲಾದ ದಿನ

ಹೊಸ ನಕ್ಷತ್ರ ಹುಟ್ಟಿದ ದಿನ ಹಳೆಯ ಕವಿತೆಯನ್ನು ಕೊನೆಯ ಸಲ, ಪುಸ್ತಕವನ್ನು ಮನೆಯಲ್ಲಿಟ್ಟು ಹೋಗಿ ಹೇಳಿ ಬನ್ನಿ. ಮರುದಿನದಿಂದ ಹೊಸದು. ಜಾಗ ಅದೇ ಇರಲಿ. ಮೊದಲ ಪುಟದ ಗೆರೆಯನ್ನು ಮತ್ತೊಮ್ಮೆ ಎಳೆದು ಪಟ್ಟಿ ಹೊಸದಾಗಿ ಬರೆಯಿರಿ. ಕೆಲವು ಬಲಗಡೆಯವು ಎಡಕ್ಕೆ ಬಂದಿರುತ್ತವೆ, ಒಂದೆರಡು ಬಿದ್ದುಹೋಗಿರುತ್ತವೆ, ಕೆಲವು ಅಲ್ಲೇ ಕೂತಿರುತ್ತವೆ.

ಮೃಗಶಿರಾದಿಂದ ಸ್ವಾತಿಯವರೆಗೆ ಮಾಡಿದರೆ ಹನ್ನೊಂದು ಕವಿತೆ ಬಾಯಿಗೆ ಬರುತ್ತವೆ. ಬೇಸಿಗೆಯಲ್ಲಿ ಶುರು ಮಾಡುವವರೂ ಇದ್ದಾರೆ. ನಕ್ಷತ್ರ ಹನ್ನೆರಡು ತಿಂಗಳೂ ಇರುತ್ತದೆ, ಮಳೆ ಇಲ್ಲದಿದ್ದರೂ ಲೆಕ್ಕ ನಡೆಯುತ್ತದೆ. ಮುಂದಿನ ವರ್ಷ ಅದೇ ಮಳೆ ಬಂದಾಗ ಹಳೆಯ ಪುಸ್ತಕ ತೆಗೆದು ನೋಡಿ. ಆ ದಿನ ನೀರು ಮಂಟಪದ ಎಷ್ಟನೆಯ ಕಲ್ಲಿನವರೆಗೆ ಬಂದಿತ್ತು ಎಂದು ಪೆನ್ಸಿಲಿನಲ್ಲಿ ಬರೆದಿರುತ್ತದೆ.